ಸತ್ತ ಮೇಲೂ ಬಿಟ್ಟಿ ಚಾಕರಿ

ವಿಮಾನ ಕಂಪನಿಗಳ ಸರಕು ಚೀಟಿಯಲ್ಲಿ ಒಂದೊಂದು ಸರಕಿಗೆ ಮೂರಕ್ಷರದ ಒಂದೊಂದು ಗುರುತು. ಜೀವಂತ ಪ್ರಾಣಿಗೆ ಎವಿಐ, ಹೂವಿಗೆ ಪಿಇಎಫ್, ಮೀನಿಗೆ ಪಿಇಎಸ್, ಮನುಷ್ಯನ ಹೆಣಕ್ಕೆ ಎಚ್‌ಯುಎಂ. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಮಾಡಗ್ಯಾಳದ ಕುರಿ ವಿಮಾನ ಏರಿದರೂ, ಮಾಡಗ್ಯಾಳದ ಕಡೆಯ ಹುಡುಗ ಸೌದಿಯಲ್ಲಿ ಸತ್ತು ವಿಮಾನ ಏರಿದರೂ ಮುಂಬೈಯಲ್ಲಿ ಹಾದುಹೋಗುವುದು ಸಹಾರದ ಕಾರ್ಗೋ ಕಟ್ಟಡವನ್ನೇ. ಪ್ರಯಾಣಿಕನಾಗಿ ಹೋದವನು ಸರಕಾಗಿ ಬರುತ್ತಾನೆ. ಅವನನ್ನು ಬಿಡಿಸಿಕೊಳ್ಳಲು ಹೋದ ಅಣ್ಣತಮ್ಮಂದಿರು ಸರಕು ಬಿಡಿಸುವ ಏಜೆಂಟರ ನಡುವೆ ಫೈಲು ಹಿಡಿದು ನಿಲ್ಲುತ್ತಾರೆ.

ಸರಕೆಂದ ಮೇಲೆ ತೂಕವೂ ಇರಬೇಕಲ್ಲ? ದುಬೈ ಕಡೆಯಿಂದ ಹೆಣ ತರುವ ಏರ್ ಇಂಡಿಯಾ ಬಹಳ ಕಾಲ ಕಿಲೋ ಲೆಕ್ಕದಲ್ಲಿ ದುಡ್ಡು ತಗೊಂಡಿತು. 2018ರಲ್ಲಿ ಆ ದರ ಏರಿಸಲು ಹೋಗಿ ಬೈಸಿಕೊಂಡು ಹಿಂದಕ್ಕೆ ಸರಿಯಿತು. 2019ರ ಜನವರಿಯಲ್ಲಿ ತಕ್ಕಡಿ ಬಿಟ್ಟು ಒಂದೇ ದರ ಮಾಡಿತು: ದೊಡ್ಡವರ ಹೆಣಕ್ಕೆ 1,500 ದಿರಹಂ, ಹನ್ನೆರಡರ ಒಳಗಿನ ಮಕ್ಕಳ ಹೆಣಕ್ಕೆ 750. ಇದನ್ನು ದೊಡ್ಡ ಔದಾರ್ಯವೆಂದು ಸುದ್ದಿ ಮಾಡಿದರು. ಆಗ ಆ ಕಂಪನಿ ಸರ್ಕಾರದ್ದು. ತನ್ನ ಪ್ರಜೆಯ ಹೆಣಕ್ಕೆ ಮಕ್ಕಳ ಟಿಕೇಟಿನಂತೆ ಅರ್ಧ ದರ ಕಟ್ಟಿದ ಸರ್ಕಾರ ಇದು.

ನಾನು ಬರೆಯಹೊರಟಿದ್ದು ಈ ದರದ ಬಗ್ಗೆ ಅಲ್ಲ. ದುಡ್ಡನ್ನು ಓಣಿಯವರು ಸೇರಿ ಹೇಗೋ ಕೂಡಿಸುತ್ತಾರೆ. ಕೂಡಿಸಲಾಗದ್ದು ಕಾಗದ.

ಹಿಂದೆ ಸಾಂಗಲಿ, ಮಿರಜ, ಜತ್ತಗಳೆಲ್ಲ ಸಂಸ್ಥಾನಗಳಾಗಿದ್ದಾಗ ಬಿಟ್ಟಿ ಚಾಕರಿ ಅಂತ ಇತ್ತು. ಸರಕಾರಿ ಗಂಟನ್ನು ಒಂದು ಊರಿಂದ ಇನ್ನೊಂದು ಊರಿಗೆ ಹೊತ್ತು ಹಾಕಬೇಕು, ಕೂಲಿ ಕೇಳಬಾರದು. ಈಗ ಆ ಕೆಲಸ ಗಲ್ಫಿನಲ್ಲಿ ಗಂಡ ಸತ್ತ ಹೆಂಗಸಿನದು. ಗಂಟಿನ ಬದಲು ಫೈಲು. ಸರ್ಕಾರದ ಒಂದು ಕಚೇರಿಗೆ ಮೊದಲೇ ಗೊತ್ತಿರುವುದನ್ನು ಅದೇ ಸರ್ಕಾರದ ಇನ್ನೊಂದು ಕಚೇರಿಗೆ ಆಕೆ ಹೊತ್ತು ಮುಟ್ಟಿಸಬೇಕು. ರಾಯಭಾರ ಕಚೇರಿಗೆ ಗೊತ್ತು, ಪಾಸ್‌ಪೋರ್ಟಿನವರಿಗೆ ಗೊತ್ತು, ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಗೊತ್ತು. ಗೊತ್ತಿಲ್ಲದವನು ತಲಾಠಿ ಒಬ್ಬನೇ.

ನಮ್ಮ ಕಾಕಾನ ಮಗ ಸೌದಿಯ ಜುಬೈಲಿನಲ್ಲಿ ವೆಲ್ಡರ್ ಆಗಿದ್ದ. ಮೂಲ ಜತ್ತದ ಕಡೆಯ ಒಣಭೂಮಿ, ಮನೆ ಮಿರಜದ ಬಾಡಿಗೆ ಖೋಲಿ. ಕನ್ನಡ ಶಾಲೆಯಲ್ಲಿ ಓದಿ ಹತ್ತನೆಯದರಲ್ಲಿ ಕುಂತವನು. ಹತ್ತು ಪಾಸಾಗದವನ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ. ಗಲ್ಫಿನಂಥ 18 ದೇಶಗಳಿಗೆ ದುಡಿಯಲು ಹೋಗುವಾಗ ಅವನು 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಪಡೆಯಬೇಕು. ಆಗ ಅವನ ಹೆಸರು, ಊರು, ಹೆಂಡತಿ, ಕಂಪನಿ, ಪಗಾರ ಎಲ್ಲ ಇ-ಮೈಗ್ರೇಟ್ ಎಂಬ ಸರ್ಕಾರಿ ಗಣಕದೊಳಗೆ ಹೋಗುತ್ತದೆ. ವಿಮೆಯನ್ನೂ ಕಡ್ಡಾಯವಾಗಿ ಮಾಡಿಸುತ್ತಾರೆ. ಏಜೆಂಟನಿಗೆ ಕೊಡಬೇಕಾದ ಶುಲ್ಕದ ಮಿತಿ 30,000 ರೂಪಾಯಿ ಎಂದು ಕಾನೂನು ಹೇಳುತ್ತದೆ. ಎಷ್ಟು ಕೊಟ್ಟ ಎಂದು ನಮ್ಮ ಚಿಗವ್ವನ ಕೊರಳು ನೋಡಿದರೆ ತಿಳಿಯುತ್ತದೆ, ಬೋರಮಾಳ ಇದ್ದ ಜಾಗದಲ್ಲಿ ಈಗ ಕರಿದಾರ ಇದೆ.

ಒಂದು ಬೆಳಿಗ್ಗೆ ಅವನ ಖೋಲಿಯಲ್ಲಿದ್ದ ಬಿಹಾರದ ಹುಡುಗ ವಾಟ್ಸಾಪಿನಲ್ಲಿ ಫೋನು ಹಚ್ಚಿದ. ‘ಭಾಯ್ ಸುಬೆ ಉಠಾ ನಹೀ’ ಅಂದ. ಅಷ್ಟೇ. ಕಂಪನಿಯಿಂದ ಫೋನು ಬಂದದ್ದು ಆಮೇಲೆ. ಅವರ ಮೊದಲ ಮಾತು ಸಾಂತ್ವನದ್ದಾಗಿರಲಿಲ್ಲ. ಅಲ್ಲೇ ಮಣ್ಣು ಮಾಡಲು ಒಪ್ಪಿಗೆ ಬರೆದು ಕೊಡ್ತೀರಾ ಅಂತ ಕೇಳಿದರು. ಯಾಕೆಂದರೆ ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ಹೆಣವನ್ನು ಊರಿಗೆ ಕಳಿಸುವ ಖರ್ಚು ಮಾಲಕನದು. ಮನೆಯವರೇ ಅಲ್ಲಿ ಮಣ್ಣಿಗೆ ಒಪ್ಪಿದರೆ ಆ ಖರ್ಚು ಉಳಿಯುತ್ತದೆ. ಚಿಗವ್ವ ಫೋನು ಕಸಿದುಕೊಂಡಳು. ‘ಮಾರಿ ನೋಡದ ಮಣ್ಣು ಹಾಕಾಕ ನಾ ಬಿಡಾಂಗಿಲ್ಲ ನೋಡಪಾ. ಏನರ ಮಾಡು, ನನ್ನ ಮಗನ್ನ ತಂದು ಕೊಡು’ ಅಂದಳು. ಅತ್ತ ಕಡೆಯವನಿಗೆ ಕನ್ನಡ ಬರದು. ಸಿಟ್ಟು ಮಾತ್ರ ತಿಳಿದಿರಬೇಕು, ಮತ್ತೆ ಆ ಮಾತು ಎತ್ತಲಿಲ್ಲ.

ಅಲ್ಲಿಂದ ಶುರು. ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ಅರಬ್ಬಿಯ ಮರಣ ಪತ್ರ, ಅದರ ಇಂಗ್ಲಿಷ್ ತರ್ಜುಮೆ, ಪಾಸ್‌ಪೋರ್ಟ್ ರದ್ದತಿ, ರಾಯಭಾರ ಕಚೇರಿಯ ನಿರಾಕ್ಷೇಪಣ ಪತ್ರ, ಹೆಣ ಕೆಡದಂತೆ ಮದ್ದು ಹಾಕಿದ ಪತ್ರ. ಇವೆಲ್ಲ ಕಫೀಲ, ಅಂದರೆ ಅಲ್ಲಿನ ಮಾಲಕ, ಮನಸ್ಸು ಮಾಡಿದರೆ ಮುಂದೆ ಸರಿಯುತ್ತವೆ. ಬದುಕಿದ್ದಾಗ ಜಗಳಾಡಿ ಕ್ಯಾಂಪು ಬಿಟ್ಟವನನ್ನು ‘ಹುರೂಬ್’, ಓಡಿಹೋದವನು, ಅಂತ ಕಫೀಲ ಬರೆಸಿಬಿಟ್ಟಿದ್ದರೆ ಮುಗಿಯಿತು. ಹೆಣ ಶೀತಲ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಇನ್ನು ಇಲ್ಲಿಂದ ಹೋಗಬೇಕಾದ್ದು ವಾರಸುದಾರರ ಮುಖತ್ಯಾರ ಪತ್ರ: ನಮ್ಮ ಪರವಾಗಿ ಹೆಣ ಪಡೆಯಲು, ಬಾಕಿ ಪಗಾರ ಕೇಳಲು ಇಂಥವರಿಗೆ ಅಧಿಕಾರ ಕೊಟ್ಟಿದ್ದೇವೆ ಅಂತ. ಅದಕ್ಕೆ ನೋಟರಿಯ ಮುದ್ರೆ, ಅದರ ಮೇಲೆ ರಾಜ್ಯದ ಮುದ್ರೆ, ಅದರ ಮೇಲೆ ವಿದೇಶಾಂಗ ಖಾತೆಯ ಮುದ್ರೆ. ವಿಧವೆ ತನ್ನ ಗಂಡನ ಹೆಣ ಕೇಳುತ್ತಿದ್ದಾಳೆ ಎಂಬುದನ್ನು ಮೂರು ಮುದ್ರೆ ಸೇರಿ ನಂಬಬೇಕು.

ಹೆಸರಿನ ರಗಳೆ ಬೇರೆ. ಜತ್ತದ ಕನ್ನಡ ಶಾಲೆಯ ದಾಖಲಾತಿಯಲ್ಲಿ ಒಂದು ಹೆಸರು. ಆಧಾರಿನಲ್ಲಿ ಅದೇ ಹೆಸರು ಮರಾಠಿ ರೂಢಿಗೆ ಬಿದ್ದು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಏಜೆಂಟ ಬರೆಸಿದ ಇಂಗ್ಲಿಷ್ ಕಾಗುಣಿತ. ಅರಬ್ಬಿಯಲ್ಲಿ ಪಕಾರವಿಲ್ಲ, ಟಕಾರವಿಲ್ಲ. ಹೀಗಾಗಿ ಇಲ್ಲಿಂದ ಹೋದ ಪಾಟೀಲ ಅಲ್ಲಿ ಬಾತೀಲನಾಗುತ್ತಾನೆ, ತರ್ಜುಮೆಯವನು ಅದನ್ನೇ ಇಂಗ್ಲಿಷಿಗೆ ಇಳಿಸಿ ಕೈ ತೊಳೆದುಕೊಳ್ಳುತ್ತಾನೆ. ಈ ನಾಲ್ವರೂ ಒಬ್ಬನೇ ಎಂದು ಬದುಕಿರುವವರು ಪ್ರಮಾಣ ಮಾಡಬೇಕು. ಅಂಥ ಅಫಿಡವಿಟ್ಟಿನ ಬಾಂಡ್ ಪೇಪರು 100 ರೂಪಾಯಿದು ಇತ್ತು. 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು 500 ಮಾಡಿತು.

ಮದುವೆಯ ದಾಖಲೆ ಕೊಡಿ ಅಂದರು. ಕೊಡಲು ಎಲ್ಲಿದೆ? 2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣೆ ಸಾಂಗಲಿಯ ಪೇಟೆ ಹೊಕ್ಕಾಗ ಅವನ ಹೆಂಡತಿ, ನಮ್ಮ ವೈನಿಯ ತವರಿನ ಟ್ರಂಕು ಕೆಸರಾಯಿತು. ಆ ಪೂರ ಸರ್ಕಾರದ್ದೇ ದಾಖಲೆಯಲ್ಲಿದೆ, ಪರಿಹಾರದ ಪಂಚನಾಮೆಯಲ್ಲಿ ಆ ಮನೆಯೂ ಇದೆ. ಆದರೂ ಕಿಟಕಿಯ ಹಿಂದಿನವನು ಕೇಳುತ್ತಾನೆ, ‘ಅಸಲು ಯಾಕೆ ಜೋಪಾನ ಮಾಡಲಿಲ್ಲ?’

ಕೊನೆಗೂ ಪೆಟ್ಟಿಗೆ ಬಂತು. ಪುಣೆ, ಸಾತಾರಾ, ಕರಾಡ ದಾಟಿ ಬಾಡಿಗೆ ಆಂಬುಲೆನ್ಸಿನಲ್ಲಿ ರಾತ್ರಿಯಿಡೀ. ಓಣಿ ಎಷ್ಟು ಇಕ್ಕಟ್ಟೆಂದರೆ ಪೆಟ್ಟಿಗೆ ತಿರುಗಲಿಲ್ಲ, ದೊಡ್ಡ ರಸ್ತೆಯ ಮೇಲೆಯೇ ಇಳಿಸಿದರು. ಹಲಗೆಗೆ ಮೊಳೆ ಬಡಿದಿದ್ದರು. ಮೊಳೆ ಕೀಳಲು ಸಿತಾರ ಮಾಡುವವರ ಕಾರಖಾನೆಯಿಂದ ಒಬ್ಬ ಇಕ್ಕಳ ತಂದ. ಸೋರೆಬುರುಡೆಗೆ ಕಟ್ಟಿಗೆ ಕೂಡಿಸುವ ಕೈ ಅದು, ಒಂದು ಹಲಗೆಯೂ ಸೀಳದಂತೆ ತೆಗೆದ. ಪೆಟ್ಟಿಗೆಯ ಜೊತೆಗೆ ಬಂದ ಪ್ಲಾಸ್ಟಿಕ್ ಚೀಲದಲ್ಲಿ ಮೂಲೆ ಕತ್ತರಿಸಿದ ಪಾಸ್‌ಪೋರ್ಟು, ಒಂದು ಮೊಬೈಲು, ಬಂದು ಮಾಡಿದ ಸಿಮ್ಮು.

ಇದೇ ಮಿರಜದ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಣ್ಣಾಗಿದ್ದಾರೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು. 1937ರಲ್ಲಿ ಅವರು ಪ್ರಾಣ ಬಿಟ್ಟದ್ದು ಮದರಾಸಿನ ಆಚೆ ಸಿಂಗಪೆರುಮಾಳ್ ಕೋವಿಲ್ ರೈಲು ನಿಲ್ದಾಣದಲ್ಲಿ. ದೂರದಲ್ಲಿ ಸತ್ತವರನ್ನು ತಂದು ತನ್ನ ಮಣ್ಣಿಗೆ ಸೇರಿಸಿಕೊಳ್ಳುವ ಗುಣ ಈ ಊರಿಗೆ ಮೊದಲಿನಿಂದ ಇದೆ. ಸರ್ಕಾರಕ್ಕೆ ಇಲ್ಲ.

ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ, ಬೇಕೆಂದಾಗ ಇರುತ್ತದೆ. 2018ರ ಫೆಬ್ರವರಿ 24ರಂದು ನಟಿ ಶ್ರೀದೇವಿ ದುಬೈಯಲ್ಲಿ ತೀರಿಕೊಂಡರು. ಪೊಲೀಸ್ ತನಿಖೆ, ಸರ್ಕಾರಿ ವಕೀಲರ ಒಪ್ಪಿಗೆ ಎಲ್ಲ ಮುಗಿದು 27ರ ರಾತ್ರಿ ಖಾಸಗಿ ವಿಮಾನ ಮುಂಬೈ ಮುಟ್ಟಿತು. ದುಬೈಯಲ್ಲಿ ಅವರ ದೇಹವನ್ನು ಕಾಗದದ ಮೇಲೆ ವಹಿಸಿಕೊಂಡವರು ಅಶ್ರಫ್ ತಾಮರಶ್ಶೇರಿ. ಸಾವಿರಾರು ಕೂಲಿಗಳ ಹೆಣ ಊರಿಗೆ ಕಳಿಸಿದ, ಕೇರಳದಿಂದ ಹೋಗಿ ಅಜ್ಮಾನಿನಲ್ಲಿ ನೆಲೆಸಿದ ಮನುಷ್ಯ. ಒಬ್ಬನೇ ಮನುಷ್ಯ, ಒಂದೇ ರುಜು, ಎರಡು ಬಗೆಯ ಹೆಣ. ಶ್ರೀದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಕಚೇರಿಗಳು ಅಷ್ಟು ಚುರುಕಾಗಬಲ್ಲವು ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು ಅಂತಿದ್ದೇನೆ.

2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೂಲಿಗಳ ವಸತಿಗೆ ಬೆಂಕಿ ಬಿತ್ತು. ಎರಡು ದಿನಕ್ಕೆ ವಾಯುಪಡೆಯ ವಿಮಾನ 45 ಭಾರತೀಯರ ಹೆಣ ಹೊತ್ತು ಕೊಚ್ಚಿಗೆ ಬಂತು. ಮಂತ್ರಿಗಳು ಹೂಮಾಲೆ ಹಿಡಿದು ನಿಂತರು. ಅಂದರೆ ಬಡವ ಗುಂಪಿನಲ್ಲಿ ಸಾಯಬೇಕು, ಟೀವಿ ಬರುವಷ್ಟು ದೊಡ್ಡ ಗುಂಪಿನಲ್ಲಿ. ಖೋಲಿಯಲ್ಲಿ ಒಬ್ಬನೇ ನಿದ್ದೆಯಲ್ಲಿ ಸತ್ತರೆ ಅವನಿಗೆ ಸಿಗುವುದು ಮದದ್ ಎಂಬ ಜಾಲತಾಣದಲ್ಲಿ ಒಂದು ದೂರಿನ ಸಂಖ್ಯೆ. ಒಟ್ಟು ಸತ್ತವರು ಎಷ್ಟು? 2012ರಿಂದ 2018ರ ಮಧ್ಯದವರೆಗೆ ಆರು ಗಲ್ಫ್ ದೇಶಗಳಲ್ಲಿ ಕನಿಷ್ಠ 24,570 ಭಾರತೀಯ ಕಾರ್ಮಿಕರು ಸತ್ತರು, ದಿನಕ್ಕೆ ಹತ್ತಕ್ಕೂ ಹೆಚ್ಚು. ಮಾಹಿತಿ ಹಕ್ಕಿನಡಿ ಕೆದಕಿ ಈ ಲೆಕ್ಕ ಹೊರಗೆಳೆದವರು ವೆಂಕಟೇಶ ನಾಯಕ. ಗಲ್ಫಿನಿಂದ ದೇಶಕ್ಕೆ ಬಂದ ಪ್ರತಿ ನೂರು ಕೋಟಿ ಡಾಲರಿಗೆ 117 ಹೆಣ ಅಂತ ಅವರ ಲೆಕ್ಕ. ಡಾಲರಿಗೆ ಯಾರೂ ನೋಟರಿ ಮುದ್ರೆ ಕೇಳಲಿಲ್ಲ.

ಇನ್ನೊಂದನ್ನು ಮರೆಯಲಾರೆ. 2020ರ ಏಪ್ರಿಲ್, ಕೊರೊನಾ ಬಂದ್. ಅಬುಧಾಬಿಯಿಂದ ಮೂವರ ಹೆಣ ದಿಲ್ಲಿಗೆ ಬಂದವು. ಇಳಿಸಿಕೊಳ್ಳಲು ಆದೇಶವಿಲ್ಲವೆಂದು ಅದೇ ವಿಮಾನದಲ್ಲಿ ಅಬುಧಾಬಿಗೇ ವಾಪಸು ಕಳಿಸಿದರು. ಮನೆಯವರು ನಿಲ್ದಾಣದ ತನಕ ಬಂದು ಬರಿಗೈಲಿ ಹೋದರು. ದಿಲ್ಲಿ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರಕ್ಕೆ ಆದೇಶ ಬರೆಯಲು ಪುರುಸೊತ್ತಾಯಿತು. 2023ರಲ್ಲಿ ಆರೋಗ್ಯ ಖಾತೆ ಹೆಣಗಳ ಅನುಮತಿಗೆಂದೇ ಇ-ಕೇರ್ ಎಂಬ ಪೋರ್ಟಲ್ ತೆರೆಯಿತು. ಕಾಯುವ ಹೊತ್ತು ಕಡಿಮೆಯಾಗಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ನಿಲ್ದಾಣದ ಬಾಗಿಲಿಗೆ ಅದರ ಸರಹದ್ದು ಮುಗಿಯುತ್ತದೆ. ಹೆಣ ದಾಟಿತು, ಇನ್ನು ನಿನ್ನ ಪಾಡು ನೀನು ನೋಡಿಕೋ.

ವಿಮೆಯ ಮಾತು ಬಾಕಿ ಉಳಿಯಿತು. ಪ್ರವಾಸಿ ಭಾರತೀಯ ಬಿಮಾ ಯೋಜನೆ, ಎರಡು ವರ್ಷಕ್ಕೆ 275 ರೂಪಾಯಿ ಕಂತು, 10 ಲಕ್ಷ ಪರಿಹಾರ. ನಮ್ಮ ಅಣ್ಣನೂ ಕಟ್ಟಿದ್ದ. ಬಂದದ್ದು ಸೊನ್ನೆ. ಆ ಹತ್ತು ಲಕ್ಷ ಅಪಘಾತದಲ್ಲಿ ಸತ್ತರೆ ಮಾತ್ರ. ಮರಣ ಪತ್ರದಲ್ಲಿ ಬರೆದದ್ದು ಹೃದಯ ನಿಂತಿತು, ಸಹಜ ಸಾವು. ಮೂವತ್ತೆಂಟರ ಗಟ್ಟಿ ಆಳು, ಐವತ್ತು ಡಿಗ್ರಿಯ ಹತ್ತಿರದ ಬಿಸಿಲಲ್ಲಿ ಕಬ್ಬಿಣ ಕರಗಿಸಿ ಬಂದು ಮಲಗಿದವನು ಏಳಲಿಲ್ಲ. ಇದರಲ್ಲಿ ಸಹಜವಾದದ್ದು ಯಾವುದು? 2021ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಕತಾರಿನ ಲೆಕ್ಕ ತೆಗೆಯಿತು. ವಿಶ್ವಕಪ್ ಫುಟ್‌ಬಾಲ್ ಆ ದೇಶಕ್ಕೆ ಸಿಕ್ಕ ಮೇಲಿನ ಹತ್ತು ವರ್ಷದಲ್ಲಿ ಸತ್ತ ಭಾರತೀಯರು 2,711. ಅವರಲ್ಲಿ ಶೇಕಡಾ 80ರಷ್ಟು ಸಾವಿಗೆ ಸಹಜವೆಂದೇ ಷರಾ. ಶವಪರೀಕ್ಷೆ ಮಾಡದೆ ಹಾಗೆ ಬರೆಯುವುದು ಅಲ್ಲಿನವರಿಗೆ ಅನುಕೂಲ, ಹಾಗೆ ಓದಿಕೊಳ್ಳುವುದು ಇಲ್ಲಿನ ವಿಮಾ ಕಂಪನಿಗೆ ಅನುಕೂಲ. ವಿಸಿಟ್ ವೀಸಾದ ಮೇಲೆ ಕದ್ದು ದುಡಿಯಲು ಹೋದವನಿಗಂತೂ ಈ ವಿಮೆಯ ಗಾಳಿಯೂ ತಾಗದು.

ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಾಸಿಲ್ಲದವರ ಹೆಣ ಕಳಿಸಲು ಅದರಿಂದ ಖರ್ಚು ಮಾಡಬಹುದು. ಆ ನಿಧಿ ತುಂಬುವುದು ಯಾರಿಂದ? ಪಾಸ್‌ಪೋರ್ಟಿಗೆ, ಮುದ್ರೆಗೆ ಅದೇ ಕೂಲಿಗಳು ಅಲ್ಲಿ ಕಟ್ಟುವ ಶುಲ್ಕದ ಮೇಲಿನ ಪುಡಿಗಾಸಿನಿಂದ. ಅವರದೇ ದುಡ್ಡು ಅವರಿಗೇ ಕೊಡುವಾಗ ನಿಜವಾಗಿ ಬಡವನೋ ಅಲ್ಲವೋ ಅಂತ ಪರೀಕ್ಷೆ.

ಊರಿಗೆ ಬಂದ ಹೆಣಕ್ಕೆ ಮಣ್ಣು ಹಾಕಿದ ಮೇಲೆ ಅಸಲಿ ಬಿಟ್ಟಿ ಶುರುವಾಯಿತು. ವೈನಿ ಒಂದು ನೋಂದಣಿ ಕಿಟಕಿಗೆ ಹೋದಳು, ‘ಇಲ್ಲಿ ಸತ್ತಿಲ್ಲ, ನಾವು ಬರೆದುಕೊಳ್ಳೋದಿಲ್ಲ’ ಅಂದರು. ಅದು ಸರಿಯೇ. ಒಂದು ಬ್ಯಾಂಕಿಗೆ ಹೋದಳು, ‘ಇಲ್ಲಿಯ ಮರಣ ದಾಖಲೆಯೇ ಬೇಕು, ಅರಬ್ಬಿದು ನಡೆಯಲ್ಲ’ ಅಂದರು. ಅದು ತಪ್ಪು. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮು ಸ್ಪಷ್ಟವಾಗಿದೆ. ಹೊರದೇಶದಲ್ಲಿ ಸತ್ತ ಭಾರತೀಯನ ಸಾವು ಭಾರತದ ದೂತಾವಾಸದಲ್ಲಿ ನೋಂದಣಿಯಾದರೆ ಅದು ಇದೇ ಕಾಯ್ದೆಯಡಿ ಆದ ನೋಂದಣಿಯೇ. ಇದನ್ನು ನಾನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮ್ಯಾನೇಜರು ಓದಿ, ‘ನಮ್ಮ ಮೇಲಿನವರಿಂದ ಸರ್ಕ್ಯುಲರ್ ಬಂದಿಲ್ಲ’ ಅಂದರು. ಸಂಸತ್ತು ಬರೆದ ಕಾಯ್ದೆಗೆ ಹೆಡ್ಡಾಫೀಸಿನ ಚೀಟಿ ಬೇಕಂತೆ.

ಬಾಕಿ ಪಗಾರ ಬರಬೇಕೆಂದರೆ ವಾರಸಾ ಪತ್ರ. ಹಳೆ ಮುಂಬೈ ಪ್ರಾಂತದ ಈ ನೆಲದಲ್ಲಿ ಅದನ್ನು ಕೋರ್ಟು ಇಂದಿಗೂ ಕೊಡುವುದು 1827ರ ಎಂಟನೇ ರೆಗ್ಯುಲೇಶನ್ನಿನ ಅಡಿ. ಈಸ್ಟ್ ಇಂಡಿಯಾ ಕಂಪನಿ ಕಿತ್ತೂರ ಕೋಟೆ ಹಿಡಿದು ಮೂರು ವರ್ಷಕ್ಕೆ ಬರೆದ ಕಾನೂನು ಅದು. ಕಂಪನಿ ಸರ್ಕಾರ ಹೋಯಿತು, ರಾಣಿ ಸರ್ಕಾರ ಹೋಯಿತು, ಸಂಸ್ಥಾನಗಳು ಹೋದವು. ವಿಧವೆಯನ್ನು ಅನುಮಾನಿಸುವ ಆ ಕಾಗದ ಮಾತ್ರ ಚಿರಂಜೀವಿ. ಅರ್ಜಿ ಹಾಕಬೇಕು, ಪೇಪರಿನಲ್ಲಿ ಜಾಹೀರಾತು ಕೊಡಬೇಕು, ಬೇರೆ ಹೆಂಡತಿ ಇದ್ದರೆ ಬರಲಿ ಎಂದು ಕಾಯಬೇಕು. ಜತ್ತದ ಕಡೆಯ ಎರಡೆಕರೆಗೆ ಬೇರೆ ಸುತ್ತು: ತಲಾಠಿ, ಸಾತ್‌ಬಾರಾ, ವಾರಸ ನೋಂದ, ಫೇರ್‌ಫಾರ್. ಅದೆಲ್ಲ ಮರಾಠಿಯಲ್ಲಿ. ವೈನಿ ಕನ್ನಡದಲ್ಲಿ ನಾಕನೆತ್ತೆ ಕಲಿತವಳು. ಗಂಡನ ಸಾವಿನ ಸುದ್ದಿಯನ್ನು ಹಿಂದಿಯಲ್ಲಿ ಕೇಳಿ, ಅದರ ಪತ್ರವನ್ನು ಅರಬ್ಬಿಯಲ್ಲಿ ಹಿಡಿದು, ಇಂಗ್ಲಿಷಿನಲ್ಲಿ ಹೆಬ್ಬೆಟ್ಟೊತ್ತಿ, ಮರಾಠಿಯಲ್ಲಿ ಬೈಸಿಕೊಂಡಳು.

ಈಗ ಗಡಿ ವೀರರ ಕಡೆ ಬರೋಣ. 1967ರಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ ಮಹಾಜನ ಆಯೋಗ ಜತ್ತದ ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಿ ಅಂತ ಬರೆಯಿತು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಜತ್ತದ 40 ಹಳ್ಳಿಗಳ ಠರಾವಿನ ಮಾತು ತೆಗೆದರು. ಆಚೆಯಿಂದ ದೇವೇಂದ್ರ ಫಡಣವೀಸರು ಒಂದು ಹಳ್ಳಿಯನ್ನೂ ಬಿಡೆವು ಅಂದರು. ಬಸ್ಸುಗಳಿಗೆ ಮಸಿ ಬಳಿದರು, ಬಸ್ಸಿಗೆ ಕಾದ ಜನ ರಸ್ತೆಯಲ್ಲಿ ಕುಂತರು. ಅಷ್ಟು ಪ್ರೀತಿಯ ನೆಲದ ಮಗ ಪೆಟ್ಟಿಗೆಯಲ್ಲಿ ಬಂದಾಗ ಯಾವ ಸರ್ಕಾರದ ಪಟ್ಟೇವಾಲನೂ ಸಹಾರದಲ್ಲಿ ಇರಲಿಲ್ಲ. ಬೆಂಗಳೂರಿಗೆ ಫೋನು ಮಾಡಿದರೆ ‘ಆಧಾರ ಯಾವ ರಾಜ್ಯದ್ದು?’ ಮುಂಬೈಗೆ ಮಾಡಿದರೆ ‘ಕಲೆಕ್ಟರ್ ಆಫೀಸಿಗೆ ಹೋಗಿ’. ಕೇರಳದವರಿಗೆ ನೋರ್ಕಾ ಎಂಬ ಸರ್ಕಾರಿ ಇಲಾಖೆ ಇದೆ. ವಿಮಾನ ನಿಲ್ದಾಣದಿಂದ ಮನೆ ಬಾಗಿಲಿಗೆ ಆಂಬುಲೆನ್ಸು ಅದೇ ಕಳಿಸುತ್ತದೆ, ಮಂಗಳೂರಿನ ನಿಲ್ದಾಣದಿಂದಲೂ. ತೆಲಂಗಾಣ 2024ರಲ್ಲಿ ಗಲ್ಫಿನಲ್ಲಿ ಸತ್ತವರ ಮನೆಗೆ 5 ಲಕ್ಷ ಕೊಡುವ ಆದೇಶ ಮಾಡಿತು, ಸಹಜ ಸಾವೋ ಅಸಹಜವೋ ಎಂಬ ತಕರಾರು ತೆಗೆಯಲಿಲ್ಲ. ಅವರೇನು ಸ್ವರ್ಗದಿಂದ ಇಳಿದವರಲ್ಲ. ಅಲ್ಲಿ ಸತ್ತವರ ಮನೆಯವರು ಓಟಿನ ಗುಂಪಾಗಿ ಬೀದಿಗೆ ಬಂದರು. ನಮ್ಮಲ್ಲಿ ಕನ್ನಡದ ಹೆಣ, ಮರಾಠಿ ಹೆಣ, ಮುಸ್ಲಿಮರ ಹೆಣ, ಕುರುಬರ ಹೆಣ, ಹೊಲೆಯರ ಹೆಣ ಅಂತ ಬೇರೆ ಬೇರೆ ಬಂದು ಬೇರೆ ಬೇರೆ ಮಣ್ಣಾಗುತ್ತವೆ.

ಹಾಗಾಗಿ ಮಿರಜದ ಒಂದಷ್ಟು ಮನೆಯವರು, ಅದರಲ್ಲಿ ಮರಾಠಿ ಮಾತಾಡುವವರೂ ಉರ್ದು ಮಾತಾಡುವವರೂ ಇದ್ದಾರೆ, ಸೇರಿ ಕೇಳಿದ್ದು ಬಹಳ ಸಣ್ಣದು. ಸಾಂಗಲಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಒಂದು ಮೇಜು. ಆ ಮೇಜಿಗೆ ಇ-ಮೈಗ್ರೇಟಿನ, ದೂತಾವಾಸದ ದಾಖಲೆ ನೇರವಾಗಿ ಕಾಣಬೇಕು. ರಾಯಭಾರ ಕಚೇರಿ ಸಾವನ್ನು ಬರೆದುಕೊಂಡ ದಿನವೇ ತಲಾಠಿಗೂ ಬ್ಯಾಂಕಿಗೂ ಅಲ್ಲಿಂದಲೇ ಕಾಗದ ಹೋಗಬೇಕು, ಹೆಂಡತಿಯ ಕೈಯಲ್ಲಿ ಅಲ್ಲ. ಸಹಾರದಿಂದ ಊರತನಕ ಒಂದು ಗಾಡಿ. ಎರಡೂ ಭಾಷೆ ಬಲ್ಲ ಒಬ್ಬ ಗುಮಾಸ್ತ. ಸಹಜ ಸಾವಿಗೂ ವಿಮೆ ಕೊಡಿ ಅಂತ ದಿಲ್ಲಿಗೆ ಪ್ರತ್ಯೇಕ ಬರೆದಿದ್ದೇವೆ.

ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯೋಣ ಎಂದು ಮಾತು ಬಂತು. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಕೊಡಬಹುದು, ಜತ್ತದಲ್ಲಿ ಕನ್ನಡಕ್ಕಿಂತ ಬಳಕೆಯ ಭಾಷೆ ಯಾವುದಿದೆ, ಕನ್ನಡದಲ್ಲೇ ಬರೀರಿ ಅಂತ ನಾನು ವಾದಿಸಿದೆ. ವೈನಿ ತಡೆದಳು. ‘ಬ್ಯಾಡ ಭಾವಾ, ಮರಾಠಿಯೊಳಗ ಬರೀರಿ. ಕನ್ನಡದಾಗ ಕೊಟ್ರ ಅದಕ್ಕೂ ತರ್ಜುಮಾ ತಾ ಅಂತಾರ, ಮತ್ತ ಐನೂರು ರೂಪಾಯಿ ಎಲ್ಲಿಂದ ತರೂನು?’

ಮರಾಠಿಯಲ್ಲೇ ಕೊಟ್ಟಿದ್ದೇವೆ. ಅರ್ಜಿ ಮುಟ್ಟಿದ ಪೋಚ್ ಪಾವತಿ ಇಟ್ಟುಕೊಂಡಿದ್ದೇವೆ.